ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್: ಬೆಲೆ ಕೇಳುವ ಮೊದಲು ಬಾಕಿ ಕೇಳಿ

ಪ್ರಶ್ನೆ: ಮನೆಯಲ್ಲಿ ನಾಲ್ಕು ಜನ. ಇದು ನಮ್ಮ ಮೊದಲ ಕಾರು. ಓಡಾಟ ಬಹುಪಾಲು ಊರೊಳಗೆ, ತಿಂಗಳಿಗೊಮ್ಮೆ ಹೆದ್ದಾರಿಯಲ್ಲಿ ದೂರದ ಪ್ರಯಾಣ. ವರ್ಷಕ್ಕೆ ಹೆಚ್ಚೆಂದರೆ 10,000 ಕಿ.ಮೀ. ಹಣ ಸೀಮಿತ. ಒಂದೇ ಬೆಲೆಗೆ ಎರಡು ಪೆಟ್ರೋಲ್ ಹ್ಯಾಚ್‌ಬ್ಯಾಕ್ ಸಿಕ್ಕಿವೆ. ಒಂದು ಏಳು ವರ್ಷದ್ದು, 82,000 ಕಿ.ಮೀ. ಓಡಿದೆ, ಒಬ್ಬರೇ ಮಾಲೀಕರು, ಸರ್ವಿಸ್ ಬಿಲ್ಲುಗಳೆಲ್ಲ ಇವೆ. ಇನ್ನೊಂದು ಐದು ವರ್ಷದ್ದು, ಮೀಟರಿನಲ್ಲಿ 34,000 ಕಿ.ಮೀ., ಇಬ್ಬರ ಕೈ ದಾಟಿದೆ, ಹೊಸದರಂತೆ ಹೊಳೆಯುತ್ತಿದೆ, ಆದರೆ ಸರ್ವಿಸ್ ದಾಖಲೆ ಒಂದೂ ಇಲ್ಲ. ಯಾವುದನ್ನು ಕೊಳ್ಳಲಿ? ನೋಡಲು ಹೋದಾಗ ಏನೇನು ಪರೀಕ್ಷಿಸಬೇಕು?

ಉತ್ತರ: ಏಳು ವರ್ಷದ ಕಾರನ್ನು ಮೊದಲು ನೋಡಿ. ಕೆಳಗಿನ ಪರೀಕ್ಷೆಗಳಲ್ಲಿ ಅದು ಪಾಸಾದರೆ ಎರಡನೆಯದನ್ನು ನೋಡಲು ಹೋಗುವ ಅಗತ್ಯವೇ ಬೀಳುವುದಿಲ್ಲ.

ವಯಸ್ಸೂ ಓಟವೂ ಹೆಚ್ಚಿರುವ ಕಾರೇ ಯಾಕೆ? ಹಳೆಯ ಕಾರು ಒಂಟಿಯಾಗಿ ಮನೆಗೆ ಬರುವುದಿಲ್ಲ; ಹಿಂದಿನವರು ಮಾಡಿಸದೆ ಮುಂದೂಡಿದ ಕೆಲಸಗಳನ್ನೂ ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ. ಸವೆದ ಟಯರು, ಬದಲಿಸದ ಟೈಮಿಂಗ್ ಬೆಲ್ಟ್ (ಪಿಸ್ಟನ್ ಮತ್ತು ವಾಲ್ವುಗಳ ಓಟವನ್ನು ಹೊಂದಿಸುವ ರಬ್ಬರು ಬೆಲ್ಟು), ಇವತ್ತೋ ನಾಳೆಯೋ ಎನ್ನುವ ಬ್ಯಾಟರಿ, ಜಾರುತ್ತಿರುವ ಕ್ಲಚ್ ಇವೆಲ್ಲ ನೀವು ತೀರಿಸಬೇಕಾದ ಬಾಕಿ. ಮಾರುವವರು ಹೇಳಿದ ಮೊತ್ತಕ್ಕೆ ಈ ಬಾಕಿಯನ್ನು ಕೂಡಿಸಿದಾಗ ಬರುವುದೇ ಕಾರಿನ ಬೆಲೆ. ಬಿಲ್ಲು ಇರುವ ಕಾರಿನ ಬಾಕಿಯನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. ಬಿಲ್ಲು ಇಲ್ಲದ ಕಾರಿನಲ್ಲಿ ಏನೂ ಮಾಡಿಸಿಲ್ಲ ಎಂದೇ ಹಿಡಿಯಬೇಕಾಗುತ್ತದೆ. ಹಾಗೆ ಹಿಡಿದರೆ ನಿಮ್ಮ ಎರಡು ಕಾರುಗಳು ಒಂದೇ ಬೆಲೆಯವಾಗಿ ಉಳಿಯುವುದಿಲ್ಲ.

34,000 ಎಂಬ ಅಂಕಿಗೆ ಮರುಳಾಗಬೇಡಿ. ಡಿಜಿಟಲ್ ಮೀಟರನ್ನು ಹಿಂದಕ್ಕೆ ತಿರುಗಿಸಲು ಸರಿಯಾದ ಸಲಕರಣೆ ಇದ್ದವರಿಗೆ ಕೆಲವೇ ನಿಮಿಷ ಸಾಕು. ಇದನ್ನು ಹಿಡಿಯಲು ಟಯರಿನಷ್ಟು ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಟಯರಿನ ಪಕ್ಕೆಯಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 2321 ಎಂದಿದ್ದರೆ ಅದು 2021ರ 23ನೇ ವಾರದಲ್ಲಿ ತಯಾರಾದ ಟಯರು. ಕಾರ್ಖಾನೆಯಿಂದಲೇ ಬಂದ ಟಯರಾದರೆ ಈ ತಾರೀಖು ಕಾರು ತಯಾರಾದ ತಿಂಗಳಿಗಿಂತ ಸ್ವಲ್ಪವೇ ಹಿಂದಿನದಾಗಿರುತ್ತದೆ. ಸಣ್ಣ ಕಾರಿನ ಮೊದಲ ಸೆಟ್ ಟಯರು ಸಾಮಾನ್ಯವಾಗಿ 40,000 ಕಿ.ಮೀ. ಆಸುಪಾಸು ಬಾಳುತ್ತದೆ. 34,000 ಓಡಿದ ಕಾರಿನಲ್ಲಿ ಆಗಲೇ ಎರಡನೇ ಸೆಟ್ ಕೂತಿದ್ದು ಅದೂ ಅರ್ಧ ಸವೆದಿದ್ದರೆ ಲೆಕ್ಕ ಎಲ್ಲೋ ತಪ್ಪಿದೆ. ಸ್ಟೆಪ್ನಿಯ ತಾರೀಖನ್ನೂ ಓದಿ. ಹೆಚ್ಚಿನ ಕಾರುಗಳಲ್ಲಿ ಅದು ಮೂಲ ಟಯರೇ ಆಗಿರುವುದರಿಂದ ಹೋಲಿಸಲು ಅನುಕೂಲ. ಆಮೇಲೆ ಕ್ಲಚ್ ಮತ್ತು ಬ್ರೇಕ್ ಪೆಡಲಿನ ರಬ್ಬರು, ಸ್ಟಿಯರಿಂಗಿನ ಮೇಲ್ಭಾಗ, ಗೇರಿನ ಗುಬ್ಬಿ, ಚಾಲಕನ ಸೀಟಿನಲ್ಲಿ ಇಳಿಯುವ ಕಡೆಯ ಅಂಚು ನೋಡಿ. ಇವು ನುಣ್ಣಗೆ ಸವೆದಿದ್ದರೆ ಓಟ ಲಕ್ಷದ ಹತ್ತಿರ ಬಂದಿದೆ ಎಂದೇ ಅರ್ಥ. ಪೆಡಲಿನ ರಬ್ಬರು ತೀರಾ ಹೊಸದಾಗಿದ್ದರೂ ಅನುಮಾನವೇ: 34,000ಕ್ಕೆ ಯಾರೂ ಅದನ್ನು ಬದಲಿಸುವುದಿಲ್ಲ. ಬಾನೆಟ್ ಅಡಿಯಲ್ಲೋ ಬಾಗಿಲ ಚೌಕಟ್ಟಿನಲ್ಲೋ ಆಯಿಲ್ ಬದಲಿಸಿದ ಹಳೆಯ ಸ್ಟಿಕ್ಕರು ಉಳಿದಿದ್ದರೆ ಅದೂ ಮಾತಾಡುತ್ತದೆ.

ಮೀಟರು ನಿಜವೇ ಇರಲಿ, ಕಡಿಮೆ ಓಟ ತಾನಾಗಿಯೇ ಒಳ್ಳೆಯದಲ್ಲ. ದಿನಕ್ಕೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಎಂಜಿನ್ ಆಯಿಲ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಉರಿಯದೆ ಉಳಿದ ಪೆಟ್ರೋಲು, ಪೆಟ್ರೋಲು ಉರಿದಾಗ ಹುಟ್ಟುವ ನೀರಾವಿ ಎರಡೂ ಆಯಿಲಿಗೆ ಸೇರುತ್ತವೆ. ಎಂಜಿನ್ ಬಿಸಿಯಾಗಿ ಅರ್ಧ ಗಂಟೆ ಓಡಿದರೆ ಹಾರಿಹೋಗಬೇಕಾದದ್ದು ಅಲ್ಲೇ ಉಳಿದು ಆಯಿಲನ್ನು ಕೆಡಿಸುತ್ತದೆ. ಸೈಲೆನ್ಸರ್ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಬ್ಯಾಟರಿ ಪೂರ್ತಿ ಚಾರ್ಜ್ ಆಗುವುದಿಲ್ಲ. ನೀವು ನೋಡಿರುವ ಏಳು ವರ್ಷದ ಕಾರು ವರ್ಷಕ್ಕೆ ಸರಾಸರಿ 11,700 ಕಿ.ಮೀ. ಓಡಿದೆ. ಮನೆಬಳಕೆಯ ಕಾರಿಗೆ ಇದು ಆರೋಗ್ಯಕರ ಓಟ.

ಹಣದ ಹಂಚಿಕೆ

ಕೈಯಲ್ಲಿರುವುದನ್ನು 100 ಪಾಲು ಎಂದುಕೊಳ್ಳಿ. ಹೆಸರು ವರ್ಗಾವಣೆ, ತೆರಿಗೆ, ವಿಮೆ ಎಲ್ಲ ಸೇರಿ ಕಾರು 80 ಪಾಲಿನೊಳಗೆ ಮನೆ ಸೇರಬೇಕು. ಉಳಿದ 20 ಪಾಲು ಮೊದಲ ಮೂರು ತಿಂಗಳ ಕೆಲಸಗಳಿಗೆ. ಇದ್ದಬದ್ದ ಹಣವನ್ನೆಲ್ಲ ಕಾರಿಗೇ ಸುರಿದು, ಟೈಮಿಂಗ್ ಬೆಲ್ಟನ್ನು 'ಮುಂದಿನ ವರ್ಷ ನೋಡೋಣ' ಎಂದು ಬಿಟ್ಟವರ ಎಂಜಿನ್ ಆ ವರ್ಷವೇ ಕೈಕೊಡುವುದುಂಟು. ಸಾಲ ಮಾಡುವುದಾದರೆ ಅವಧಿ ಮೂರು ವರ್ಷ ಮೀರದಿರಲಿ. ಕಾರಿನ ಬೆಲೆ ಇಳಿಯುವುದಕ್ಕಿಂತ ಬೇಗ ಸಾಲ ಕರಗಬೇಕು. ಇಲ್ಲದಿದ್ದರೆ ನಡುವೆ ಮಾರಬೇಕಾಗಿ ಬಂದಾಗ ಕೈಯಿಂದ ಹಣ ಹಾಕಿ ಸಾಲ ಮುಚ್ಚಬೇಕಾಗುತ್ತದೆ.

ಎಂಜಿನ್ ಯಾವುದು, ಗೇರ್‌ಬಾಕ್ಸ್ ಯಾವುದು

ಯಾವ ಕಂಪನಿಯದು ಒಳ್ಳೆಯದು ಎಂದು ನೀವು ಕೇಳಿಲ್ಲ, ಒಳ್ಳೆಯದೇ ಆಯಿತು. ಏಳೆಂಟು ವರ್ಷ ಕಳೆದ ಮೇಲೆ ಒಂದೇ ಮಾದರಿಯ ಎರಡು ಕಾರುಗಳ ನಡುವಿನ ಅಂತರ, ಎರಡು ಕಂಪನಿಗಳ ನಡುವಿನ ಅಂತರಕ್ಕಿಂತ ದೊಡ್ಡದಾಗಿರುತ್ತದೆ. ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದ, ಬಿಡಿಭಾಗ ಸುಲಭವಾಗಿ ಸಿಗುವ, ಹತ್ತಿರದ ಮೆಕ್ಯಾನಿಕ್ ಬಿಚ್ಚಿ ಜೋಡಿಸಿ ಬಲ್ಲ ಮಾದರಿಯಾದರೆ ಸಾಕು. ಎಂಜಿನ್ ಮತ್ತು ಗೇರ್‌ಬಾಕ್ಸಿನ ಜಾತಿ ಮಾತ್ರ ನೋಡಲೇಬೇಕು.

ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಚಕ್ರ) ಇಲ್ಲದ, ಪೆಟ್ರೋಲನ್ನು ಇನ್‌ಟೇಕ್ ಪೋರ್ಟಿಗೆ, ಅಂದರೆ ಸಿಲಿಂಡರಿಗೆ ಗಾಳಿ ಒಯ್ಯುವ ದಾರಿಗೆ, ಚಿಮ್ಮಿಸುವ 1.0ರಿಂದ 1.3 ಲೀಟರಿನ ಎಂಜಿನ್, ಜೊತೆಗೆ ಮ್ಯಾನುಯಲ್ ಗೇರು: ಕಡಿಮೆ ಬಜೆಟ್ಟಿಗೆ ಇದಕ್ಕಿಂತ ನೆಮ್ಮದಿಯ ಜೋಡಿ ಇಲ್ಲ. ಕೆಡಲು ಅದರಲ್ಲಿ ಹೆಚ್ಚು ಭಾಗಗಳೇ ಇಲ್ಲ. ಸಣ್ಣ ಟರ್ಬೊ ಎಂಜಿನ್ ಓಡಿಸಲು ಹುರುಪು, ಆದರೆ ಟರ್ಬೊದ ಬೇರಿಂಗ್ ಬದುಕುವುದು ಎಂಜಿನ್ ಆಯಿಲಿನ ಮೇಲೆ; ವೇಳೆಗೆ ಸರಿಯಾಗಿ ಆಯಿಲ್ ಬದಲಿಸಿದ ಬಿಲ್ಲು ಇಲ್ಲದ ಟರ್ಬೊ ಕಾರನ್ನು ಮುಟ್ಟಬೇಡಿ. ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಎಂಜಿನ್ನುಗಳಲ್ಲಿ ಇನ್‌ಟೇಕ್ ವಾಲ್ವುಗಳನ್ನು ತೊಳೆಯಲು ಪೆಟ್ರೋಲು ಅತ್ತ ಹಾಯುವುದೇ ಇಲ್ಲ. ಹಾಗಾಗಿ ವಾಲ್ವಿನ ಬೆನ್ನಿಗೆ ಕಾರ್ಬನ್ ಕಟ್ಟಿಕೊಂಡು, ತಣ್ಣಗಿರುವಾಗ ಐಡ್ಲಿಂಗ್ (ಕಾರು ನಿಂತಲ್ಲೇ ಎಂಜಿನ್ ಓಡುವುದು) ನಡುಗುತ್ತದೆ.

ಕೆಲವು ಎಂಜಿನ್ನುಗಳಲ್ಲಿ ಟೈಮಿಂಗ್ ಬೆಲ್ಟ್ ಆಯಿಲಿನಲ್ಲೇ ನೆನೆದುಕೊಂಡು ಓಡುತ್ತದೆ. ಫೋರ್ಡ್‌ನ ಮೊದಲ ತಲೆಮಾರಿನ 1.0 ಲೀಟರ್ ಇಕೋಬೂಸ್ಟ್, ಪ್ಯೂಜೊ ಮತ್ತು ಸಿಟ್ರೊಯೆನ್ ಕಾರುಗಳ ಹಳೆಯ 1.2 ಲೀಟರ್ ಪ್ಯೂರ್‌ಟೆಕ್ ಈ ಬಗೆಯವು. ಆಯಿಲ್ ಹಳತಾದರೆ ಅಥವಾ ತಪ್ಪು ದರ್ಜೆಯದಾದರೆ ಬೆಲ್ಟಿನ ರಬ್ಬರು ಪುಡಿಪುಡಿಯಾಗಿ ಉದುರಿ, ಆಯಿಲ್ ಪಂಪ್ ಹೀರುವ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಎಂಜಿನ್ನಿಗೆ ಆಯಿಲ್ ತಲುಪುವುದಿಲ್ಲ. ಬೆಲ್ಟ್ ಬದಲಿಸಿದ ಬಿಲ್ಲು ಕಣ್ಣಾರೆ ನೋಡದೆ ಇಂಥ ಕಾರು ಬೇಡ.

ಡೀಸೆಲ್ ನಿಮಗೆ ಸಲ್ಲದು. ಈಚಿನ ಡೀಸೆಲ್ ಕಾರುಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಫಿಲ್ಟರು ಇರುತ್ತದೆ. ಹಿಡಿದ ಮಸಿಯನ್ನು ಸುಟ್ಟು ಹಾಕಲು ಅದಕ್ಕೆ ಹೆದ್ದಾರಿಯ ವೇಗದಲ್ಲಿ ಸುಮಾರು 20 ನಿಮಿಷದ ಓಟ ಆಗಾಗ ಬೇಕು. ಊರೊಳಗೇ ಸುತ್ತಿದರೆ ಅದು ಕಟ್ಟಿಕೊಳ್ಳುತ್ತದೆ, ಬದಲಿಸುವ ಖರ್ಚು ಕೈ ಸುಡುತ್ತದೆ. ವರ್ಷಕ್ಕೆ 10,000 ಕಿ.ಮೀ.ಗೆ ಡೀಸೆಲಿನ ಉಳಿತಾಯವೂ ಹುಟ್ಟುವುದಿಲ್ಲ.

ಗೇರ್‌ಬಾಕ್ಸಿನಲ್ಲಿ ಆಟೊಮ್ಯಾಟಿಕ್ಕೇ ಬೇಕೆಂದಾದರೆ ಬಗೆ ಯಾವುದೆಂದು ಕೇಳಿ ತಿಳಿದುಕೊಳ್ಳಿ. ಎಎಂಟಿ ಎಂದರೆ ಮ್ಯಾನುಯಲ್ ಗೇರ್‌ಬಾಕ್ಸಿಗೇ ಕ್ಲಚ್ ಒತ್ತುವ, ಗೇರು ಹಾಕುವ ಯಂತ್ರವನ್ನು ಕೂಡಿಸಿದ್ದು. ಕ್ಲಚ್ ಸವೆಯುತ್ತದೆ, ಆ ಯಂತ್ರವೂ ಒಂದು ದಿನ ಖರ್ಚು ಕೊಡುತ್ತದೆ. ಸಿವಿಟಿಯಲ್ಲಿ (ಹಂತಗಳಿಲ್ಲದೆ ಬೆಲ್ಟಿನ ಮೇಲೆ ಗೇರು ಬದಲಿಸುವ ಬಗೆ) ಅದರದ್ದೇ ಆದ ಆಯಿಲನ್ನು 40,000ದಿಂದ 60,000 ಕಿ.ಮೀ.ಗೊಮ್ಮೆ ಬದಲಿಸಿದ ದಾಖಲೆ ಇದ್ದರೆ ಒಳ್ಳೆಯದು; ನಿಧಾನಕ್ಕೆ ವೇಗ ಹೆಚ್ಚಿಸುವಾಗ ನಡುಗಿದರೆ ಅಥವಾ ಕೀರಲು ದನಿ ಬಂದರೆ ಬಿಟ್ಟುಬಿಡಿ. ಎರಡು ಕ್ಲಚ್ಚುಗಳಿಂದ ಗೇರು ಬದಲಿಸುವ, ಒಣ ಕ್ಲಚ್ಚಿನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್, ನಿಂತು ಹೊರಡುವ ದಟ್ಟಣೆಯಲ್ಲಿ ಬಿಸಿಯಾಗಿ ಬೇಗ ಸವೆಯುತ್ತದೆ. ವಾರಂಟಿ ಮುಗಿದ ಮೇಲೆ ಅದನ್ನು ಕೊಳ್ಳುವುದು ಬಜೆಟ್ಟಿನವರ ಕೆಲಸವಲ್ಲ.

ಸುರಕ್ಷತೆಯ ವಿಷಯದಲ್ಲಿ ಒಂದೇ ಮಾತು: ಎಬಿಎಸ್ (ಗಟ್ಟಿ ಬ್ರೇಕಿಗೆ ಚಕ್ರ ಕಚ್ಚಿ ಜಾರದಂತೆ ತಡೆಯುವುದು), ಮುಂದೆ ಎರಡು ಏರ್‌ಬ್ಯಾಗ್ ಇಲ್ಲದ ಕಾರು ಎಷ್ಟೇ ಅಗ್ಗವಾದರೂ ಬೇಡ, ಇಎಸ್‌ಸಿ (ಕಾರು ಅಡ್ಡಜಾರದಂತೆ ಹಿಡಿದಿಡುವ ವ್ಯವಸ್ಥೆ) ಇದ್ದರೆ ಅದಕ್ಕಾಗಿ ಸ್ವಲ್ಪ ಹೆಚ್ಚೇ ಕೊಡಬಹುದು. ಕ್ರ್ಯಾಶ್ ಟೆಸ್ಟಿನ ನಕ್ಷತ್ರ ನೋಡುವಾಗ ಅದೇ ಇಸವಿಯ, ನಿಮ್ಮ ಮಾರುಕಟ್ಟೆಗೇ ಬಂದ ಕಾರಿನದೇ ಎಂದು ಖಚಿತಪಡಿಸಿಕೊಳ್ಳಿ. ಹೆಸರು ಒಂದೇ ಇದ್ದು ಒಳಗಿನ ಸಲಕರಣೆ ಬೇರೆಯಾಗಿರುವುದು ಸಾಮಾನ್ಯ.

ಬಿಲ್ಲುಗಳನ್ನು ಓದುವುದು

ಏಳು ವರ್ಷದ ಕಾರಿನ ಬಿಲ್ಲುಗಳನ್ನು ನೋಡಲು ಹೋಗುವ ಮೊದಲೇ ಫೋಟೊ ತೆಗೆದು ಕಳಿಸಲು ಹೇಳಿ. ತಾರೀಖು ಮತ್ತು ಕಿ.ಮೀ. ಏರುತ್ತಾ ಹೋಗಬೇಕು, ನಡುವೆ ಇಳಿದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಎಂಜಿನ್ ಆಯಿಲ್ ಮತ್ತು ಫಿಲ್ಟರು ವರ್ಷಕ್ಕೊಮ್ಮೆ ಅಥವಾ 10,000 ಕಿ.ಮೀ.ಗೊಮ್ಮೆ ಬದಲಾಗಿರಬೇಕು. ಒಂದು ಸಲ ತಪ್ಪಿದ್ದರೆ ಕ್ಷಮಿಸಬಹುದು, ಎರಡು ವರ್ಷದ ಕಂದರ ಇದ್ದರೆ ಕಾರಣ ಕೇಳಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಗಬೇಕು, ಏಕೆಂದರೆ ಅದು ಗಾಳಿಯ ತೇವವನ್ನು ಹೀರಿಕೊಂಡು ಕಡಿಮೆ ಬಿಸಿಗೇ ಕುದಿಯತೊಡಗುತ್ತದೆ. ಇಳಿಜಾರಿನಲ್ಲಿ ಸತತವಾಗಿ ಬ್ರೇಕ್ ಒತ್ತಿದಾಗ ಪೆಡಲ್ ಸ್ಪಂಜಿನಂತಾಗುವುದು ಇದರಿಂದಲೇ. ಕೂಲಂಟ್ (ಎಂಜಿನ್ ತಣಿಸುವ ದ್ರವ) ಐದು ವರ್ಷದ ಹೊತ್ತಿಗೆ ಒಮ್ಮೆಯಾದರೂ ಬದಲಾಗಿರಬೇಕು. ಸಾಧಾರಣ ಸ್ಪಾರ್ಕ್ ಪ್ಲಗ್ 30,000ದಿಂದ 40,000 ಕಿ.ಮೀ. ಬಾಳುತ್ತದೆ, ಇರಿಡಿಯಂ ಪ್ಲಗ್ ಲಕ್ಷದ ಹತ್ತಿರ ಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ ಎಂಜಿನ್ನಿನಲ್ಲಿರುವುದು ಟೈಮಿಂಗ್ ಚೈನೋ ಬೆಲ್ಟೋ ತಿಳಿಯಿರಿ. ಚೈನಿಗೆ ನಿಗದಿತ ಗಡುವು ಇರುವುದಿಲ್ಲ. ಬೆಲ್ಟಿಗೆ ಕಂಪನಿ ಹೇಳಿದ ಗಡುವು ಇರುತ್ತದೆ, ಹೆಚ್ಚಾಗಿ 60,000ದಿಂದ 1,00,000 ಕಿ.ಮೀ. ಜೊತೆಗೆ ವರ್ಷದ ಮಿತಿಯೂ ಇದ್ದು, ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ. ಗಡುವು ಮೀರಿದ ಬೆಲ್ಟ್ ಓಡುವಾಗ ಹರಿದರೆ, ಬಹಳಷ್ಟು ಎಂಜಿನ್ನುಗಳಲ್ಲಿ ಮೇಲೆ ಬರುವ ಪಿಸ್ಟನ್ ತೆರೆದ ವಾಲ್ವಿಗೆ ಬಡಿದು ವಾಲ್ವುಗಳು ಬಾಗುತ್ತವೆ. ನಿಮ್ಮದು 82,000. ಬೆಲ್ಟಿನ ಎಂಜಿನ್ ಆಗಿದ್ದು ಬದಲಿಸಿದ ಬಿಲ್ಲು ಇಲ್ಲದಿದ್ದರೆ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ವಾಟರ್ ಪಂಪ್ ಮೂರನ್ನೂ ಬಾಕಿ ಪಟ್ಟಿಯ ಮೊದಲ ಸಾಲಿಗೆ ಬರೆಯಿರಿ. ವಾಟರ್ ಪಂಪ್ ಯಾಕೆಂದರೆ, ಅನೇಕ ಎಂಜಿನ್ನುಗಳಲ್ಲಿ ಅದನ್ನು ತಿರುಗಿಸುವುದೂ ಅದೇ ಬೆಲ್ಟು. ಪಂಪ್ ಆಮೇಲೆ ಸೋರಿದರೆ ಅದೇ ಬಿಚ್ಚುವ ಕೂಲಿಯನ್ನು ಎರಡನೇ ಸಲ ಕೊಡಬೇಕಾಗುತ್ತದೆ.

ಕಾರಿನ ಮುಂದೆ ನಿಂತಾಗ

ಹಗಲಿನಲ್ಲಿ ಹೋಗಿ. ಕಾರಿನ ಮೈ ಒಣಗಿರಲಿ. ನೀರಿನ ಹನಿಯ ಕೆಳಗೆ ಎಂಥ ಬಣ್ಣವೂ ಚೆನ್ನಾಗಿಯೇ ಕಾಣುತ್ತದೆ. ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿಡಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಎಂಜಿನ್ ತಣಿಯುವವರೆಗೆ ಕಾಯಿರಿ, ಇಲ್ಲವೇ ಇನ್ನೊಂದು ದಿನ ಬನ್ನಿ. ಎಂಜಿನ್ನಿನ ಹಲವು ಕಾಯಿಲೆಗಳು ತಣ್ಣನೆಯ ಸ್ಟಾರ್ಟಿನಲ್ಲೇ ಬಯಲಾಗುತ್ತವೆ, ಬಿಸಿಯಾದ ಮೇಲೆ ಅಡಗುತ್ತವೆ.

ಮೊದಲು ಮೈ. ಬಾಗಿಲು, ಬಾನೆಟ್, ಡಿಕ್ಕಿಯ ಬಾಗಿಲುಗಳ ಸಂದು ಎರಡೂ ಬದಿಗೆ ಒಂದೇ ಅಗಲ ಇರಬೇಕು. ಫೆಂಡರ್ ಮತ್ತು ಬಾನೆಟ್ಟಿನ ಬೋಲ್ಟುಗಳ ತಲೆಯ ಮೇಲೆ ಬಣ್ಣ ಒಡೆದಿದ್ದರೆ ಸ್ಪ್ಯಾನರ್ ತಾಗಿದೆ, ಅಂದರೆ ಆ ಭಾಗ ಒಮ್ಮೆ ಬಿಚ್ಚಿದೆ. ಗಾಜುಗಳ ಮೂಲೆಯ ಗುರುತಿನಲ್ಲಿ ಇಸವಿ ಹೊಂದಬೇಕು; ಒಂದೇ ಒಂದು ಬೇರೆ ಇದ್ದರೆ ಆ ಬದಿಯಲ್ಲಿ ಏನಾಯಿತೆಂದು ಕೇಳಿ. ಮೆಕ್ಯಾನಿಕ್ ಬಳಿ ಬಣ್ಣದ ದಪ್ಪ ಅಳೆಯುವ ಮೀಟರು ಇದ್ದರೆ ಸುತ್ತಲೂ ಇಟ್ಟು ನೋಡಲಿ. ಕಾರ್ಖಾನೆಯ ಬಣ್ಣ ಸುಮಾರು 80ರಿಂದ 150 ಮೈಕ್ರಾನ್. 300 ದಾಟಿದರೆ ಮತ್ತೆ ಬಣ್ಣ ಹೊಡೆದಿದೆ, ಸಾವಿರ ದಾಟಿದರೆ ಕೆಳಗೆ ತಗ್ಗು ಮುಚ್ಚುವ ಪುಟ್ಟಿ ಮೆತ್ತಿದೆ.

ಬಣ್ಣ ಹೊಡೆದದ್ದೇ ದೊಡ್ಡ ತಪ್ಪಲ್ಲ. ಊರೊಳಗೆ ಓಡಿದ ಕಾರಿನ ಬಂಪರು, ಬಾಗಿಲು ಉಜ್ಜಿಸಿಕೊಳ್ಳದೆ ಇರುವುದಿಲ್ಲ. ತಪ್ಪು ಇರುವುದು ಅಸ್ಥಿಪಂಜರಕ್ಕೆ ಪೆಟ್ಟಾಗಿದ್ದರೆ. ಬಾನೆಟ್ ಎತ್ತಿ ಎಂಜಿನ್ನಿನ ಎರಡೂ ಬದಿಯಲ್ಲಿ ಮುಂದಕ್ಕೆ ಚಾಚಿದ ಉಕ್ಕಿನ ತೊಲೆಗಳನ್ನು ನೋಡಿ. ಸುಕ್ಕು, ಬೆಸುಗೆಯ ಗುರುತು ಇರಬಾರದು. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಕೆಳಗಿನ ತಟ್ಟೆ ನೋಡಿ. ಹಿಂದಿನಿಂದ ಗುದ್ದಿಸಿಕೊಂಡ ಹ್ಯಾಚ್‌ಬ್ಯಾಕಿನಲ್ಲಿ ಇದೇ ಮೊದಲು ಮಡಚಿಕೊಳ್ಳುವುದು. ಬಾಗಿಲಿನ ರಬ್ಬರು ಬೀಡಿಂಗನ್ನು ಸ್ವಲ್ಪ ಎಳೆದರೆ ಕಾರ್ಖಾನೆಯ ಸ್ಪಾಟ್ ವೆಲ್ಡಿಂಗಿನ ದುಂಡು ಗುಳಿಗಳು ಸಮ ಅಂತರದಲ್ಲಿ ಕಾಣಬೇಕು. ಚಾವಣಿ ಹೊತ್ತ ಕಂಬಗಳಲ್ಲಿ ಅವು ಮಾಯವಾಗಿ ನುಣ್ಣನೆಯ ಬಣ್ಣವಷ್ಟೇ ಇದ್ದರೆ ಹಿಂದಿರುಗಿ ಬನ್ನಿ, ಬೆಲೆ ಎಷ್ಟು ಇಳಿಸಿದರೂ ಸರಿ. ಹೊಳೆಯುತ್ತಿರುವ ನಿಮ್ಮ ಎರಡನೇ ಕಾರಿಗೆ ಈ ಪರೀಕ್ಷೆ ಕಡ್ಡಾಯ. ಮೇಲೆ ಥಳುಕು ಒಳಗೆ ಹುಳುಕು ಎಂಬ ಮಾತು ಇಂಥವಕ್ಕೇ ಹುಟ್ಟಿದ್ದಿರಬೇಕು.

ನೀರಿನಲ್ಲಿ ಮುಳುಗಿದ ಕಾರನ್ನು ಹಿಡಿಯಲು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಭಾಗದಲ್ಲಿ ಕೆಸರಿನ ಗೆರೆ ಇದ್ದರೆ ನೀರು ಅಲ್ಲಿಯವರೆಗೆ ಬಂದಿತ್ತು. ಸೀಟಿನ ಹಳಿಗಳ ಬೋಲ್ಟಿಗೆ ತುಕ್ಕು, ಕಾರ್ಪೆಟ್ಟಿನ ಅಡಿ ಮುಗ್ಗುಲು ವಾಸನೆ, ಅದನ್ನು ಮುಚ್ಚಲು ಗಾಢ ಸುಗಂಧ ಇವೂ ಅದೇ ಕಥೆ ಹೇಳುತ್ತವೆ. ವೈರಿಂಗಿನ ಕನೆಕ್ಟರುಗಳು ನಿಧಾನಕ್ಕೆ ಕೊಳೆಯುವುದರಿಂದ ಇಂಥ ಕಾರು ಆರು ತಿಂಗಳಾದ ಮೇಲೆ ಕಾಟ ಶುರುಮಾಡುತ್ತದೆ. ಆಗ ಯಾವ ಮೆಕ್ಯಾನಿಕ್ಕೂ ಮೂಲ ಹಿಡಿಯಲಾರ.

ಇನ್ನು ಎಂಜಿನ್, ಇನ್ನೂ ತಣ್ಣಗಿರುವಾಗಲೇ. ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡಿ. ಕನಿಷ್ಠ ಗುರುತಿಗಿಂತ ಕೆಳಗಿದ್ದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ, ಅಥವಾ ಮಾಲೀಕರು ಬಾನೆಟ್ ಎತ್ತಿಯೇ ಇಲ್ಲ. ಬಣ್ಣ ಕಪ್ಪಗಿದ್ದರೆ ಗಾಬರಿ ಬೇಡ, ಅದು ಹಳೆಯ ಆಯಿಲ್ ಅಷ್ಟೆ. ಆಯಿಲ್ ತುಂಬುವ ಮುಚ್ಚಳದ ಒಳಗೆ ಕೆನೆಯಂಥ ಬಿಳಿ ಲೇಪ ಕಂಡರೆ, ಚಿಕ್ಕ ಓಟದ ತೇವವೂ ಇರಬಹುದು, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಎರಡು ಭಾಗಗಳ ನಡುವಿನ ಸೀಲು) ಸೋರಿ ಕೂಲಂಟ್ ಬೆರೆತದ್ದೂ ಇರಬಹುದು. ಕೂಲಂಟ್ ಡಬ್ಬಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ಅದರಲ್ಲಿ ಆಯಿಲಿನ ಪದರ ತೇಲುತ್ತಿದ್ದರೆ ಗ್ಯಾಸ್ಕೆಟ್ಟೇ. ಕಂದು ಬಣ್ಣದ ತುಕ್ಕಿನ ನೀರಿದ್ದರೆ ಕೂಲಂಟಿನ ಬದಲು ಬರೀ ನೀರು ಹಾಕಿ ಓಡಿಸಿದ್ದಾರೆ. ಕೂಲಂಟಿನ ಮುಚ್ಚಳವನ್ನು ಎಂಜಿನ್ ಬಿಸಿಯಿರುವಾಗ ತೆರೆಯಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಕೀ ಒಂದು ಹಂತ ತಿರುಗಿಸಿ, ಸ್ಟಾರ್ಟ್ ಮಾಡದೆ ಮೀಟರ್ ಫಲಕ ನೋಡಿ. ಎಂಜಿನ್, ಎಬಿಎಸ್, ಏರ್‌ಬ್ಯಾಗ್ ದೀಪಗಳು ಹೊತ್ತಿಕೊಳ್ಳಬೇಕು. ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡಿಗೆ ಆರಬೇಕು. ಅದು ಹೊತ್ತಿಕೊಳ್ಳದೇ ಇದ್ದರೆ ದೀಪವನ್ನೇ ತೆಗೆದಿರಬಹುದು: ಅಪಘಾತದಲ್ಲಿ ಬಿಚ್ಚಿಕೊಂಡ ಏರ್‌ಬ್ಯಾಗನ್ನು ಮತ್ತೆ ಹಾಕಿಸದವರು ಮಾಡುವ ಉಪಾಯ ಇದು. ಈಗ ಸ್ಟಾರ್ಟ್ ಮಾಡಿಸಿ, ನೀವು ಹಿಂದೆ ಸೈಲೆನ್ಸರ್ ಬಳಿ ನಿಲ್ಲಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಸ್ಟಾರ್ಟಿನಲ್ಲಿ ಒಂದು ಸಲ ಬಂದು ನಿಂತರೆ ವಾಲ್ವ್ ಸೀಲು, ಎಕ್ಸಲರೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗು. ಚಳಿಯಲ್ಲಿ ತೆಳುವಾದ ಬಿಳಿ ಆವಿ ಸಹಜ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ, ಸಿಹಿ ವಾಸನೆಯೊಡನೆ ಬರುತ್ತಿದ್ದರೆ ಕೂಲಂಟ್ ಉರಿಯುತ್ತಿದೆ. ಸ್ಟಾರ್ಟ್ ಆದೊಡನೆ ಟೈಮಿಂಗ್ ಚೈನಿನ ಬದಿಯಿಂದ ಗಲಗಲ ಸದ್ದು ಎರಡು ಮೂರು ಸೆಕೆಂಡು ಮೀರಿ ಉಳಿದರೆ ಚೈನ್ ಸಡಿಲವಾಗಿದೆ. ಬಿಸಿಯಾದ ಮೇಲೆ ಐಡ್ಲಿಂಗ್ ನಿಮಿಷಕ್ಕೆ 700ರಿಂದ 900 ಸುತ್ತಿನ ನಡುವೆ ಕದಲದೆ ನಿಲ್ಲಬೇಕು. ಎಸಿ ಹಾಕಿದರೆ ಸ್ವಲ್ಪ ಏರಿ ಸ್ಥಿರವಾಗಬೇಕು. ಮೂರು ಸಿಲಿಂಡರಿನ ಎಂಜಿನ್ನಾದರೆ ಒಂದಿಷ್ಟು ನಡುಕ ಅದರ ಸ್ವಭಾವವೇ.

ಬ್ಯಾಟರಿಗೆ ಮಲ್ಟಿಮೀಟರ್ ಇಟ್ಟರೆ ಎಂಜಿನ್ ನಿಂತಿರುವಾಗ 12.4ರಿಂದ 12.7 ವೋಲ್ಟ್, ಓಡುವಾಗ ಬಹುತೇಕ ಕಾರುಗಳಲ್ಲಿ 13.8ರಿಂದ 14.5 ವೋಲ್ಟ್ ಬರಬೇಕು. ಜೊತೆಗೊಂದು ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರನ್ನು ಓದುವ ಸಾಧನ) ಇರಲಿ. ಸ್ಟಿಯರಿಂಗಿನ ಕೆಳಗಿನ 16 ಪಿನ್ನಿನ ಕಿಂಡಿಗೆ ಸಿಕ್ಕಿಸಿ ದೋಷದ ಕೋಡುಗಳನ್ನು ಓದಬಹುದು. ಕೋಡು ಒಂದೂ ಇಲ್ಲ ಎಂದು ಹಿಗ್ಗಬೇಡಿ. ಕಾರು ತನ್ನ ಭಾಗಗಳನ್ನು ತಾನೇ ಪರೀಕ್ಷಿಸಿ ಮುಗಿಸಿದೆಯೇ ಎಂದು ತೋರಿಸುವ 'ರೆಡಿನೆಸ್' ಪುಟವನ್ನೂ ತೆರೆಯಿರಿ. ಅಲ್ಲಿ ಹೆಚ್ಚಿನವು ಇನ್ನೂ ಸಿದ್ಧವಾಗಿಲ್ಲ ಎಂದಿದ್ದರೆ ಯಾರೋ ಈಚೆಗೆ ಕೋಡುಗಳನ್ನು ಅಳಿಸಿದ್ದಾರೆ, ಅಥವಾ ಬ್ಯಾಟರಿ ಕಳಚಿದ್ದಾರೆ. ನೀವು ಬರುವ ಹಿಂದಿನ ದಿನವೇ ಯಾಕೆ ಎಂಬುದು ಕೇಳಬೇಕಾದ ಪ್ರಶ್ನೆ.

ಓಡಿಸಿ ನೋಡುವಾಗ

ಅರ್ಧ ಗಂಟೆಗೆ ಕಡಿಮೆ ಬೇಡ, ರೇಡಿಯೊ ಬಂದ್ ಇರಲಿ. ಮೊದಲು ಖಾಲಿ ಜಾಗದಲ್ಲಿ ಸ್ಟಿಯರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ ನಿಧಾನವಾಗಿ ಸುತ್ತು ಹಾಕಿ, ಆಮೇಲೆ ಇನ್ನೊಂದು ಬದಿಗೆ. ಟಕ್‌ಟಕ್ ಸದ್ದು ಬಂದರೆ ಚಕ್ರಕ್ಕೆ ಶಕ್ತಿ ಒಯ್ಯುವ ಆಕ್ಸಲಿನ ಹೊರಗಿನ ಸಿವಿ ಜಾಯಿಂಟ್ ಸವೆದಿದೆ. ಹೊಂಡಗುಂಡಿಯ ರಸ್ತೆಯಲ್ಲಿ 15ರಿಂದ 20 ಕಿ.ಮೀ. ವೇಗದಲ್ಲಿ ಹೋದಾಗ ಕೇಳುವ ಕಟಕಟ ಸದ್ದು ಹೆಚ್ಚಾಗಿ ಲಿಂಕ್ ರಾಡಿನದು, ಗುಂಡಿಗೆ ಇಳಿದಾಗಿನ ಧಡ್ ಎಂಬ ಸದ್ದು ಲೋಯರ್ ಆರ್ಮಿನ ಬುಶ್ ಅಥವಾ ಶಾಕ್ ಅಬ್ಸಾರ್ಬರಿನ ಮೇಲಿನ ಮೌಂಟಿನದು. ಮೊದಲನೆಯದು ಸಣ್ಣ ಖರ್ಚು. ಎರಡನೆಯದು ಬಾಕಿ ಪಟ್ಟಿಗೆ ಸೇರಬೇಕು. ವೇಗದ ಜೊತೆ ಏರುವ ಗುಂಯ್ ಸದ್ದು, ತಿರುವಿನಲ್ಲಿ ಹೆಚ್ಚು ಕಡಿಮೆಯಾಗುತ್ತಿದ್ದರೆ ವೀಲ್ ಬೇರಿಂಗ್.

ಕ್ಲಚ್ ಪರೀಕ್ಷೆ ಹೀಗೆ: ನಾಲ್ಕನೇ ಗೇರಿನಲ್ಲಿ 40 ಕಿ.ಮೀ. ವೇಗದಲ್ಲಿ ಹೋಗುತ್ತಾ ಎಕ್ಸಲರೇಟರನ್ನು ಪೂರ್ತಿ ಒತ್ತಿ. ಎಂಜಿನ್ನಿನ ಸುತ್ತು ಸರ್ರನೆ ಏರಿ ಕಾರು ಮಾತ್ರ ಹಿಂದೆಯೇ ಉಳಿದರೆ ಕ್ಲಚ್ ಜಾರುತ್ತಿದೆ. 82,000ಕ್ಕೆ ಕ್ಲಚ್ ಮುಗಿದಿರುವುದೂ ಉಂಟು, ಅರ್ಧ ಉಳಿದಿರುವುದೂ ಉಂಟು. ಓಡಿಸಿದವರ ಕಾಲಿನ ಅಭ್ಯಾಸಕ್ಕೆ ಬಿಟ್ಟದ್ದು. ಡ್ರೈವಿಂಗ್ ಶಾಲೆಯಲ್ಲಿ ಓಡಿದ ಕಾರಾದರೆ ಕ್ಲಚ್ ಅಷ್ಟು ದೂರ ಬರುವುದೇ ಇಲ್ಲ, ಆದ್ದರಿಂದ ಪಕ್ಕದ ಸೀಟಿನ ಕಾಲಬುಡದಲ್ಲಿ ಎರಡನೇ ಪೆಡಲ್ ಕೂರಿಸಿದ ತೂತುಗಳಿವೆಯೇ ಎಂದೂ ನೋಡಿ. ಗೇರು ಇಳಿಸುವಾಗ, ವಿಶೇಷವಾಗಿ ಮೂರರಿಂದ ಎರಡಕ್ಕೆ, ಕರಕರ ಎಂದರೆ ಗೇರುಗಳ ವೇಗ ಹೊಂದಿಸುವ ಸಿಂಕ್ರೊ ರಿಂಗ್ ಸವೆದಿದೆ.

ನೇರ ರಸ್ತೆಯಲ್ಲಿ ಹಿಂದೆ ಯಾರೂ ಇಲ್ಲದಾಗ ಗಟ್ಟಿಯಾಗಿ ಬ್ರೇಕ್ ಹಾಕಿ. ಒಂದು ಬದಿಗೆ ಎಳೆಯಬಾರದು. ಸ್ಟಿಯರಿಂಗ್ ನಡುಗಿದರೆ ಡಿಸ್ಕ್ ಸಮವಾಗಿ ಉಳಿದಿಲ್ಲ. ಎಸಿಯನ್ನು ಹತ್ತು ನಿಮಿಷ ಪೂರ್ತಿ ಹಾಕಿಟ್ಟು ದಟ್ಟಣೆಯಲ್ಲಿ ನಿಲ್ಲಿ. ತಾಪಮಾನದ ಮುಳ್ಳು ನಡುವಿನಿಂದ ಏರಬಾರದು, ರೇಡಿಯೇಟರ್ ಫ್ಯಾನ್ ತಾನಾಗಿ ಓಡಬೇಕು. ಪವರ್ ವಿಂಡೊ, ವೈಪರ್, ಲೈಟುಗಳನ್ನು ಒಮ್ಮೆ ಒತ್ತಿ ನೋಡಿದರೆ ಸಾಕು. ಹಿಂದಿನ ಸೀಟಿನಲ್ಲಿ ಮನೆಯಲ್ಲಿ ಎತ್ತರದವರು ಕೂತು ಮೊಣಕಾಲು ತಾಗುತ್ತದೆಯೇ ನೋಡಲಿ. ಹೆದ್ದಾರಿಯಲ್ಲಿ ಮೂರು ಗಂಟೆ ಕೂರುವವರು ಅವರೇ.

ಇಷ್ಟು ಪಾಸಾದ ಕಾರನ್ನು ನಿಮ್ಮದೇ ಆಯ್ಕೆಯ ಮೆಕ್ಯಾನಿಕ್ ಬಳಿ ಲಿಫ್ಟಿನ ಮೇಲೆ ಎತ್ತಿಸಿ. ಮಾರುವವರು ಒಪ್ಪದಿದ್ದರೆ ಆ ಕಾರು ಬೇಡ. ಕೆಳಗಿನಿಂದ ಆಯಿಲ್ ಸೋರಿಕೆ, ಹರಿದ ಆಕ್ಸಲ್ ಬೂಟ್, ಒದ್ದೆಯಾದ ಶಾಕ್ ಅಬ್ಸಾರ್ಬರ್, ಬಾಗಿಲಿನ ಕೆಳಗಿನ ಅಂಚು ಮತ್ತು ಸಸ್ಪೆನ್ಷನ್ ಕೂರುವ ಜಾಗದ ತುಕ್ಕು ಕಾಣುತ್ತವೆ. ತಳಕ್ಕೆ ಈಚೆಗೆ ಹೊಡೆದ ಕಪ್ಪು ಲೇಪವಿದ್ದರೆ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ಸದ್ದು ಕೇಳಿ. ಟಯರಿನ ಮೇಲಿನ ಗೀರುಗಳ ಆಳ 1.6 ಮಿ.ಮೀ.ಗೆ ಇಳಿದರೆ ಆಯುಷ್ಯ ಮುಗಿಯಿತು. ಮಳೆಯಲ್ಲಿ ಹಿಡಿತ 3 ಮಿ.ಮೀ. ಹೊತ್ತಿಗೇ ಕುಗ್ಗಿರುತ್ತದೆ. ಒಳ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ ಅಥವಾ ಆರ್ಮ್ ಬಾಗಿದೆ.

ಕಾಗದಪತ್ರ, ಚೌಕಾಸಿ, ಮೊದಲ ವಾರ

ನೋಂದಣಿ ಪತ್ರದಲ್ಲಿರುವ ಹೆಸರು ಮಾರುವವರದೇ ಇರಬೇಕು. ಪತ್ರದ ಚಾಸಿ ಸಂಖ್ಯೆಯನ್ನು ಕಾರಿನ ಉಕ್ಕಿನ ಮೇಲೆ ಕೊರೆದ ಸಂಖ್ಯೆಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ಅದು 17 ಅಕ್ಷರ ಮತ್ತು ಅಂಕಿಗಳದ್ದು. ಒಂದು, ಸೊನ್ನೆಗಳ ಜೊತೆ ಗೊಂದಲವಾಗದಿರಲಿ ಎಂದು ಅದರಲ್ಲಿ ಐ, ಒ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ಅವು ಕಂಡರೆ ಸಂಖ್ಯೆ ನಕಲಿ. ಸುತ್ತಲಿನ ಉಕ್ಕಿನಲ್ಲಿ ಉಜ್ಜಿದ ಗುರುತೂ ಇರಬಾರದು. ಸಾಲದ ಬಾಕಿ ಮತ್ತು ದಂಡ ಉಳಿದಿಲ್ಲವೆಂದು ಲಿಖಿತವಾಗಿ ನೋಡಿ. ಅದೇ ಸಂಖ್ಯೆಯನ್ನು ಕಂಪನಿಯ ರೀಕಾಲ್ (ದೋಷ ಸರಿಪಡಿಸಲು ಕಾರನ್ನು ವಾಪಸ್ ಕರೆಯುವುದು) ಪುಟದಲ್ಲಿ ಹಾಕಿ ನೋಡಿ. ಟಕಾಟಾ ಎಂಬ ಕಂಪನಿ ತಯಾರಿಸಿದ ದೋಷಯುಕ್ತ ಏರ್‌ಬ್ಯಾಗುಗಳ ಪ್ರಕರಣದಲ್ಲಿ ಅನೇಕ ಕಂಪನಿಗಳ ಕೋಟ್ಯಂತರ ಕಾರುಗಳನ್ನು ವಾಪಸ್ ಕರೆಯಲಾಗಿತ್ತು, ತಿರುಗಿ ಹೋಗದ ಕಾರುಗಳು ಇನ್ನೂ ಓಡಾಡುತ್ತಿವೆ. ರೀಕಾಲ್ ಕೆಲಸ ಉಚಿತ. ಎರಡೂ ಕೀ ಕೇಳಿ ಪಡೆಯಿರಿ, ಚಿಪ್ ಇರುವ ಕೀ ಹೊಸದಾಗಿ ಮಾಡಿಸುವುದು ದುಬಾರಿ.

ಚೌಕಾಸಿಗೆ ಕೂರುವಾಗ 'ಸ್ವಲ್ಪ ಕಡಿಮೆ ಮಾಡಿ' ಎನ್ನುವುದಕ್ಕಿಂತ ಬಾಕಿ ಪಟ್ಟಿ ಮುಂದಿಡುವುದು ಮೇಲು. ಬೆಲ್ಟು, ಎರಡು ಟಯರು, ಬ್ಯಾಟರಿ, ಮುಂದಿನ ಬುಶ್‌ಗಳು ಎಂದು ಮೆಕ್ಯಾನಿಕ್ ಬರೆದುಕೊಟ್ಟ ಅಂದಾಜನ್ನು ತೋರಿಸಿ, ಅಷ್ಟನ್ನೂ ಕಳೆಯಲು ಕೇಳಿ; ಅರ್ಧಕ್ಕಾದರೂ ಒಪ್ಪುತ್ತಾರೆ. 'ನಾನೇ ಮಾಡಿಸಿ ಕೊಡುತ್ತೇನೆ' ಎಂದರೆ ಬೇಡ ಎನ್ನಿ. ಮಾರಿ ಕೈತೊಳೆದುಕೊಳ್ಳುವವರು ಅತಿ ಅಗ್ಗದ ಭಾಗವನ್ನೇ ಹಾಕಿಸುತ್ತಾರೆ.

ಮನೆಗೆ ತಂದ ವಾರದಲ್ಲೇ ಹೆಸರು ವರ್ಗಾವಣೆಗೆ ಅರ್ಜಿ, ವಿಮೆ, ಆಯಿಲ್ ಮತ್ತು ಫಿಲ್ಟರು, ಬ್ರೇಕ್ ಆಯಿಲ್, ಕೂಲಂಟ್, ಗಾಳಿ ಫಿಲ್ಟರು ಎಲ್ಲ ಮುಗಿಸಿ. ಈಚೆಗೆ ಹಾಕಿಸಿದ ಬಿಲ್ಲು ಇದ್ದರೆ ಅದನ್ನು ಬಿಡಬಹುದು. ಇಂಥ ಎಂಜಿನ್ನಿಗೆ ಮೂರರಿಂದ ನಾಲ್ಕು ಲೀಟರ್ ಆಯಿಲ್ ಹಿಡಿಯುತ್ತದೆ, ದರ್ಜೆ ಕೈಪಿಡಿಯಲ್ಲಿರುವುದೇ ಇರಲಿ. ಹಾಕಿಸಿದ ದಿನದ ಮೀಟರ್ ಬರೆದಿಟ್ಟು, 1,000 ಕಿ.ಮೀ. ಆದಾಗ ಸಮತಟ್ಟಿನಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ನೋಡಿ. ಮಟ್ಟ ಹೆಚ್ಚು ಕಡಿಮೆ ಅಲ್ಲೇ ಇದ್ದರೆ ಎಂಜಿನ್ ಗಟ್ಟಿಯಿದೆ. ಗರಿಷ್ಠದಿಂದ ಕನಿಷ್ಠ ಗುರುತಿಗೆ ಇಳಿದಿದ್ದರೆ ಮೆಕ್ಯಾನಿಕ್ ಬಳಿ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಸಿ.

ಏಳು ವರ್ಷದ ಕಾರು ಎಲ್ಲಾದರೂ ಎಡವಿದರೆ ಐದು ವರ್ಷದ ಕಾರಿಗೆ ಹೋಗಬಹುದು, ಮೂರು ಷರತ್ತಿನ ಮೇಲೆ: ಟಯರು ಮತ್ತು ಪೆಡಲು 34,000ಕ್ಕೆ ಸಾಕ್ಷಿ ಹೇಳಬೇಕು, ಕಂಬ ಮತ್ತು ತೊಲೆಗಳಲ್ಲಿ ಕೈ ಆಡಿರಬಾರದು, ಏನೂ ಮಾಡಿಸಿಲ್ಲವೆಂದು ಹಿಡಿದ ಪೂರ್ತಿ ಬಾಕಿಯನ್ನು ಬೆಲೆಯಿಂದ ಕಳೆಯಬೇಕು. ಮೂರರಲ್ಲಿ ಒಂದು ತಪ್ಪಿದರೂ ಮೂರನೇ ಕಾರು ಹುಡುಕಿ.